ವೇದಾವತಿ ಸಿಸ್ಟರು ಒಪ್ಪಿಕೊಂಡ ಕೈತಪ್ಪು

ಕೀವು, ರಕ್ತ, ಹೆರಿಗೆಯ ಕಸ, ವಾರಗಟ್ಟಲೆ ತೊಳೆಯದ ಗಾಯದಲ್ಲಿ ಮಿಜಿಗುಡುವ ಹುಳ, ಇವನ್ನೆಲ್ಲ ಮೂವತ್ತಮೂರು ವರ್ಷ ಮೂಗು ಮುಚ್ಚಿಕೊಳ್ಳದೆ ಮುಟ್ಟಿದವಳು ವೇದಾವತಿ. ಮುಟ್ಟಿ, ಸೋಪು ಹಾಕಿ ಕೈ ತೊಳೆದು, ಅದೇ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದವಳು. ಹೇಸಿಗೆ ಪಟ್ಟುಕೊಳ್ಳುವವರು ನರ್ಸ್ ಕೆಲಸಕ್ಕೆ ಬರಬಾರದು, ಕೆಸರು ಕಂಡರಾಗದವರು ಗದ್ದೆಗಿಳಿದ ಹಾಗಾಗುತ್ತದೆ ಎಂದು ಹೊಸ ಹುಡುಗಿಯರಿಗೆ ಪಾಠ ಹೇಳಿದವಳು. ಅಂಥವಳಿಗೆ ಹೇಸಿಗೆಯಾದದ್ದು ಒಂದು ಬೆಳ್ಳನೆಯ, ಚೊಕ್ಕವಾದ, ಕಂಪ್ಯೂಟರಿನಲ್ಲಿ ಟೈಪು ಮಾಡಿದ ಹಾಳೆ ಓದಿದಾಗ.

ಹೊಸನಗರದಲ್ಲಿ ಸರ್ಕಾರಿ ವಕೀಲರ ಮೇಜಿನ ಮೇಲೆ ಆ ಹಾಳೆ ಇತ್ತು. ಲಸಿಕೆಯಿಂದ ಕೈ ಊನವಾಯಿತೆಂದು ಕಣಿವೆಕೊಪ್ಪದ ಜ್ಯೋತಿಲಕ್ಷ್ಮಿ ಎಂಬ ಹೆಂಗಸು ಹಾಕಿದ ಪರಿಹಾರದ ದಾವೆಗೆ ಅದು ರಾಜಿ ಪತ್ರ. ಕೇಳಿದ್ದು ಇಪ್ಪತ್ತು ಲಕ್ಷ, ಎಳೆದಾಡಿ ನಾಲ್ಕಕ್ಕೆ ನಿಂತಿತ್ತು. ಅದು ವೇದಾವತಿಗೆ ಬೇಕಾಗಿರಲಿಲ್ಲ, ಕೊಡುವವರು ಕೊಡಲಿ, ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ. ಅವಳ ಕಣ್ಣು ಸಿಕ್ಕಿಕೊಂಡದ್ದು ಐದನೇ ಸಾಲಿನಲ್ಲಿ. 'ಎರಡನೇ ಪ್ರತಿವಾದಿಯು ಲಸಿಕೆ ನೀಡುವ ಸಂದರ್ಭದಲ್ಲಿ ತನ್ನಿಂದ ಕೈತಪ್ಪು ಆಗಿರುವ ಸಾಧ್ಯತೆಯನ್ನು ಅಲ್ಲಗಳೆಯುವುದಿಲ್ಲ.' ಮೊದಲನೇ ಪ್ರತಿವಾದಿ ಆರೋಗ್ಯ ಇಲಾಖೆ. ಎರಡನೇ ಪ್ರತಿವಾದಿ ಅವಳು.

"ಸಾರ್, ನಾನು ಕೈತಪ್ಪು ಮಾಡಿಲ್ಲ," ಅಂದಳು.

"ಗೊತ್ತು ಮೇಡಂ. ಆದ್ರೆ ಸುಮ್ನೆ ದುಡ್ಡು ಕೊಡಿ ಅಂದ್ರೆ ಖಜಾನೆ ಕೊಡಲ್ಲ. ಫೈಲಿಗೆ ಒಂದು ಕಾರಣ ಬೇಕು. ನೋಡಿ, 'ಆಗಿದೆ' ಅಂತ ಹಾಕಿಲ್ಲ, 'ಆಗಿರುವ ಸಾಧ್ಯತೆ' ಅಂತ ಹಾಕಿದೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹಾವು ಯಾರು ಸಾರ್, ಕೋಲು ಯಾರು?"

ವಕೀಲರು ನಕ್ಕು, ಶನಿವಾರ ಲೋಕ ಅದಾಲತ್ ಇದೆ, ಅಷ್ಟರೊಳಗೆ ಯೋಚಿಸಿ ಎಂದರು. ಸಹಿ ಹಾಕಿದರೆ ಇಲಾಖಾ ವಿಚಾರಣೆ ಅಲ್ಲಿಗೇ ಮುಕ್ತಾಯ. ತಿಂಗಳ ಕೊನೆಗೆ ನಿವೃತ್ತಿ, ಪಿಂಚಣಿ ತಡೆಯಿಲ್ಲದೆ ಬರುತ್ತದೆ. ಹಾಕದಿದ್ದರೆ ಇನ್ನು ಎಂಟು ವರ್ಷ ಕೋರ್ಟಿನ ಮೆಟ್ಟಿಲು. ಇದನ್ನು ಅವರು ಹವಾಮಾನ ಹೇಳಿದಷ್ಟು ತಣ್ಣಗೆ ಹೇಳಿದರು.

ವೇದಾವತಿ ತೀರ್ಥಹಳ್ಳಿ ಕಡೆಯ ಗೇಣಿ ಒಕ್ಕಲು ಮನೆಯ ಮಗಳು. ಗೇಣಿ ಗದ್ದೆ ಸ್ವಂತದ್ದಾದ ಮೇಲೆ ಅಪ್ಪ ಮಾಡಿದ ಮೊದಲ ದೊಡ್ಡ ಖರ್ಚು ಇವಳ ನರ್ಸ್ ತರಬೇತಿಯ ಫೀಸು. ಕೆಲಸ ಸಿಕ್ಕಿದ ಮೊದಲ ಮೂರು ವರ್ಷ ಸಾಗರದ ಆಚೆ, ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ಹಿನ್ನೀರು ದಾಟಿ ಹೋಗುವ ಊರುಗಳು. ಲಸಿಕೆಯ ಡಬ್ಬಿಯನ್ನು ಲಾಂಚಿನ ನೆಲದ ಮೇಲೆ ಇಡುತ್ತಿರಲಿಲ್ಲ, ಎಂಜಿನ್ನಿನ ಬಿಸಿ ತಾಗುತ್ತದೆಂದು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದಳು. ಒಳಗಿನ ಐಸು ಕರಗಿ ಸೀರೆ ಒದ್ದೆಯಾಗುತ್ತಿತ್ತು. "ಸಿಸ್ಟ್ರೇ, ಕೂಸು ಉಚ್ಚೆ ಮಾಡ್ತಾ?" ಎಂದು ಲಾಂಚಿನವರು ನಗುತ್ತಿದ್ದರು.

ಆಮೇಲೆ ಕಣಿವೆಕೊಪ್ಪ. ಮಾಸ್ತಿಕಟ್ಟೆಯ ರಸ್ತೆಯಿಂದ ಒಳಗೆ ನಾಲ್ಕು ಮೈಲಿ. ಅಲ್ಲಿಯ ಉಪಕೇಂದ್ರದಲ್ಲೇ ಇಪ್ಪತ್ತಾರು ವರ್ಷ ಕಳೆದಳು. ಸೂಜಿ ಎಂದರೆ ಗಂಡಸರು ಹಲಸಿನ ಮರ ಹತ್ತುವ ಊರು ಅದು. ಹುಲಿ ಕಂಡರೆ ಓಡದವನು ನರ್ಸಮ್ಮನನ್ನು ಕಂಡು ಓಡಿದ ಎಂದು ಅಲ್ಲಿ ಇವತ್ತಿಗೂ ಒಬ್ಬನನ್ನು ಗೇಲಿ ಮಾಡುತ್ತಾರೆ. ವೇದಾವತಿ ಮರದ ಬುಡದಲ್ಲಿ ಚೀಲ ಹಾಕಿಕೊಂಡು ಕೂರುತ್ತಿದ್ದಳು, ಇಳಿಯಲೇಬೇಕಲ್ಲ.

ಅವಳದೊಂದು ರೂಢಿ ಇತ್ತು. ಸೂಜಿ ಚುಚ್ಚಿದ ಮೂರನೇ ದಿನ ಮನೆಮನೆಗೆ ಹೋಗಿ ಎಲ್ಲರ ರಟ್ಟೆ ಮುಟ್ಟಿ ನೋಡಿ, ಪುಸ್ತಕದಲ್ಲಿ ಬರೆಯುವುದು. ಇಲಾಖೆಯ ಯಾವ ಸುತ್ತೋಲೆಯಲ್ಲೂ ಇಲ್ಲದ ಕೆಲಸ. ಸಂಬಳವೇನೂ ಹೆಚ್ಚು ಬರುತ್ತಿರಲಿಲ್ಲ, ಕಾಲು ಮಾತ್ರ ಸವೆಯುತ್ತಿತ್ತು. ಚುಚ್ಚಿ ಓಡಿಹೋಗುವುದು ಸೊಳ್ಳೆಯ ಕೆಲಸ ಎನ್ನುತ್ತಿದ್ದಳು.

ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರಿನಲ್ಲಿ ಊರಿನ ಮೇಲಿನ ಕಾಡಿನಲ್ಲಿ ಎರಡು ಮಂಗ ಸತ್ತು ಬಿದ್ದವು. ಹೋದ ವರ್ಷವಷ್ಟೇ ಸಾಗರದ ಕಡೆ ಮಂಗನ ಕಾಯಿಲೆಯಲ್ಲಿ ಜನ ಸತ್ತದ್ದು ಎಲ್ಲರಿಗೂ ಗೊತ್ತು. ಮರ ಹತ್ತುವವರೂ ಸಾಲಿನಲ್ಲಿ ನಿಂತರು. ಆಗ ಕೊಡುತ್ತಿದ್ದ ಲಸಿಕೆ ಚುಚ್ಚಿದ ಮೇಲೆ ಎರಡು ದಿನ ರಟ್ಟೆ ನೋಯುತ್ತಿತ್ತು. ಕಾಯಿಲೆಯನ್ನು ಅಷ್ಟಾಗಿ ತಡೆಯುವುದಿಲ್ಲ ಎಂದು ಮುಂದೆ ಆ ಲಸಿಕೆಯನ್ನೇ ನಿಲ್ಲಿಸಿದರು, ಅದು ಬೇರೆ ಮಾತು. ಅವತ್ತು ವೇದಾವತಿ ತೊಂಬತ್ತೆರಡು ಜನಕ್ಕೆ ಚುಚ್ಚಿದಳು. ಅದರಲ್ಲಿ ಗುತ್ಯಮ್ಮನ ಮನೆಯವರೂ ಇದ್ದರು: ಗುತ್ಯಮ್ಮ, ಪಿಕಪ್ ಗಾಡಿ ಓಡಿಸುವ ಮಗ ಗಣೇಶ, ಮದುವೆಯಾಗಿ ಏಳೆಂಟು ತಿಂಗಳಾಗಿದ್ದ ಸೊಸೆ ಜ್ಯೋತಿಲಕ್ಷ್ಮಿ.

ಮೂರನೇ ದಿನ ಹೋದಾಗ ಸೊಸೆ ಬಲರಟ್ಟೆಯ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ಸೆರಗು ಸರಿಸಿದರೆ ಅಂಗೈ ಅಗಲಕ್ಕೆ ಚರ್ಮ ಕಪ್ಪಾಗಿ, ಬೊಬ್ಬೆ ಎದ್ದು ಒಡೆದು, ನೀರು ಕಂಕುಳವರೆಗೆ ಇಳಿದಿತ್ತು. ವಾಸನೆ ಹಿಡಿದೇ ವೇದಾವತಿಗೆ ಗೊತ್ತಾಯಿತು.

"ಗುತ್ಯಮ್ಮಾ, ಎಂತ ಹಚ್ಚಿದ್ರಿ ಇದಕ್ಕೆ?"

"ಎಂತ ಇಲ್ಲ ಸಿಸ್ಟ್ರೇ, ರಾತ್ರಿಯಿಡೀ ನೋವು ನೋವು ಅಂತಿತ್ತು ಹುಡುಗಿ. ಸೂಜಿ ನಂಜು ಅಲ್ದಾ, ನಂಜು ಎಳೀಲಿ ಅಂತ ಒಂಚೂರು ಕೇರೆಣ್ಣೆ ಹಚ್ಚಿದೆ."

ಕೇರೆಣ್ಣೆ ಎಂದರೆ ಕಾಡಿನ ಕೇರು ಬೀಜ ಸುಟ್ಟು ಇಳಿಸುವ ಕಪ್ಪೆಣ್ಣೆ. ಎತ್ತಿನ ಹೆಗಲ ಹುಣ್ಣಿಗೆ, ಒಡೆದ ಹಿಮ್ಮಡಿಗೆ ಹಚ್ಚುವುದು. ಮೆತ್ತನೆಯ ಚರ್ಮಕ್ಕೆ ತಾಗಿದರೆ ಬೆಂಕಿ. ಆದರೆ ಆ ಕಡೆ ನಂಜು ಎಂಬ ಮಾತಿಗೆ ಎದುರಿಲ್ಲ. ಮುಳ್ಳು ಚುಚ್ಚಿದರೂ ನಂಜು, ಮೀನು ತಿಂದರೂ ನಂಜು, ಸರ್ಕಾರದ ಸೂಜಿಯೂ ನಂಜು. ನಂಜನ್ನು ಎಳೆದು ತೆಗೆಯದೆ ಬಿಟ್ಟರೆ ಅದು ಅತ್ತೆಯೇ ಅಲ್ಲ. ಗುತ್ಯಮ್ಮ ಪ್ರೀತಿಯಿಂದಲೇ ಹಚ್ಚಿದ್ದಳು, ಒಂದು ಸಲ ಅಲ್ಲ, ಮೂರು ಸಲ.

ವೇದಾವತಿ ಗಾಯ ತೊಳೆದು ಕಟ್ಟು ಕಟ್ಟಿ, ಇವತ್ತೇ ಆಸ್ಪತ್ರೆಗೆ ಹೋಗಬೇಕೆಂದು ಗದರಿಸಿ ಪುಸ್ತಕ ತೆಗೆದಳು. ಗುತ್ಯಮ್ಮ ಅವಳ ಪೆನ್ನು ಹಿಡಿದ ಕೈಯನ್ನೇ ಹಿಡಿದುಕೊಂಡಳು.

"ಬರೀಬ್ಯಾಡಿ ಸಿಸ್ಟ್ರೇ, ನಿಮ್ಮ ದಮ್ಮಯ್ಯ. ಹುಡುಗಿ ತೌರಿನೋರಿಗೆ ಗೊತ್ತಾದ್ರೆ ನಾನೆಂಗೆ ಮುಖ ಎತ್ತೂದು? ಗಣೇಶ ನನ್ನ ಮನೇಲಿ ಇಟ್ಕಳಲ್ಲ."

ಇಪ್ಪತ್ತು ವರ್ಷ ಆ ಮನೆಯಲ್ಲಿ ಬಿಸಿನೀರು ಕುಡಿದಿದ್ದಾಳೆ, ಊಟ ಮಾಡಿದ್ದಾಳೆ. ಗುತ್ಯಮ್ಮನ ಇಬ್ಬರು ಹೆಣ್ಣುಮಕ್ಕಳ ಬಾಣಂತನ ನೋಡಿದ್ದಾಳೆ. ವೇದಾವತಿ ಬರೆದಳು: 'ಚುಚ್ಚಿದ ಜಾಗದಲ್ಲಿ ಸ್ವಲ್ಪ ಬಾವು. ಆಸ್ಪತ್ರೆಗೆ ಹೋಗಲು ತಿಳಿಸಿದೆ.' ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆಯನ್ನು ನೂರಾರು ಹೆರಿಗೆ ಮಾಡಿಸಿದ ಹೆಂಗಸಿಗೆ ಯಾರು ನೆನಪು ಮಾಡಬೇಕು?

ಇವತ್ತೇ ಹೋಗಿ ಎಂದರೆ ಅವರು ಹೋದದ್ದು ಆರನೇ ದಿನ. ಕೀವು ಒಳಗಿಳಿದು ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದ್ದಕ್ಕೆ ಸೂಜಿ ಚುಚ್ಚಿದ್ರು ಎಂದರು, ಡಾಕ್ಟರು ಅದನ್ನೇ ಬರೆದುಕೊಂಡರು. ಕೈಗೆ ವ್ಯಾಯಾಮ ಮಾಡಿಸಲು ಕರೆದ ತಿಂಗಳಲ್ಲೇ ಕೊರೊನಾ ಬಂದು ಬಸ್ಸು ನಿಂತವು. ಗಾಯ ಮಾಯುತ್ತ ಮಾಯುತ್ತ ಚರ್ಮ ಸೆಟೆದು, ಜ್ಯೋತಿಲಕ್ಷ್ಮಿಯ ಬಲಗೈ ಭುಜದ ಮೇಲಕ್ಕೆ ಏಳದೆ ನಿಂತುಬಿಟ್ಟಿತು. ಇಪ್ಪತ್ತಮೂರರ ಹುಡುಗಿ ಎಡಗೈಯಲ್ಲಿ ತಲೆ ಬಾಚಿಕೊಳ್ಳುವುದನ್ನು ಕಲಿತಳು. ಅದು ಸುಳ್ಳಲ್ಲ. ಆ ಇಡೀ ದಾವೆಯಲ್ಲಿ ಸುಳ್ಳಲ್ಲದ್ದು ಅದೊಂದೇ.

ಸಾಗರದ ವಕೀಲ ಸೀತಾರಾಮಪ್ಪನಿಗೆ ಈ ಕೈಯ ಸುದ್ದಿ ತಲುಪಿದ್ದು ಒಂದೂವರೆ ವರ್ಷದ ಮೇಲೆ, ಗಣೇಶನ ಗಾಡಿಯ ಯಾವುದೋ ಆಕ್ಸಿಡೆಂಟ್ ಕೇಸಿನ ನೆಪದಲ್ಲಿ. ಹದ್ದಿಗೆ ಹೆಣದ ದಾರಿ ಯಾರೂ ಹೇಳಿಕೊಡಬೇಕಾಗಿಲ್ಲ. ಪೇಪರಿನಲ್ಲಿ ಫೋಟೋ ಬಂತು, 'ಲಸಿಕೆಗೆ ಬಲಿಯಾದ ಬಲಗೈ' ಎಂದು. ನೋಟೀಸು ಬಂತು. ಮಾಹಿತಿ ಹಕ್ಕಿನಲ್ಲಿ ಪಡೆದು ಅದಕ್ಕೆ ಲಗತ್ತಿಸಿದ್ದ ಮುಖ್ಯ ಸಾಕ್ಷಿ ವೇದಾವತಿಯದೇ ಅಕ್ಷರ: ಚುಚ್ಚಿದ ಜಾಗದಲ್ಲಿ ಸ್ವಲ್ಪ ಬಾವು. ಇಲಾಖೆಯ ಬೇರೆ ಯಾವ ನರ್ಸೂ ಮೂರನೇ ದಿನ ಹೋಗುವುದಿಲ್ಲ, ಹಾಗಾಗಿ ಮತ್ತಾರ ಮೇಲೂ ಇಂಥ ಸಾಕ್ಷಿ ಹುಟ್ಟುವುದಿಲ್ಲ. ಒಳ್ಳೆ ಕೆಲಸಕ್ಕೆ ಸಿಕ್ಕ ಬಹುಮಾನ ನೋಡಿ!

ಅವಳು ತಾಲ್ಲೂಕು ಅಧಿಕಾರಿಯ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಕೇರೆಣ್ಣೆ ಅಂತೀರಿ, ಮತ್ತೆ ಪುಸ್ತಕದಲ್ಲಿ ಯಾಕಮ್ಮ ಇಲ್ಲ?" ಎಂದು ಅವರು ಕೇಳಿದರು. ಪಾಪ ಅನ್ನಿಸಿತು ಸಾರ್ ಎಂದರೆ ಅದನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು? ವಿಚಾರಣೆಗೆ ಗುತ್ಯಮ್ಮನನ್ನೂ ಕರೆಸಿದರು. ಗುತ್ಯಮ್ಮ ವೇದಾವತಿಯ ಮುಖ ನೋಡಿಯೇ ಹೇಳಿದಳು: "ಎಂತ ಎಣ್ಣೆ? ನಮ್ಮನೇಲಿ ತೆಂಗಿನೆಣ್ಣೆ ಬಿಟ್ರೆ ಎಂತದೂ ಇಲ್ಲ." ಹೇಳಿ, ಹೊರಗೆ ಬಂದು ಇವಳ ಪಕ್ಕದ ಬೆಂಚಿನಲ್ಲೇ ಕೂತು, "ಮಂಡಿ ನೋವು ಕಮ್ಮಿಯಾತಾ ಸಿಸ್ಟ್ರೇ?" ಎಂದು ವಿಚಾರಿಸಿದಳು. ಅವಳ ಬಾಯಿಗೆ ಎರಡು ನಾಲಿಗೆ ಇದ್ದಿದ್ದರೂ ವೇದಾವತಿಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ಒಂದೇ ನಾಲಿಗೆ, ಎರಡಕ್ಕೂ ಸಲೀಸಾಗಿ ಹೊರಳುತ್ತಿತ್ತು.

ಅವಳನ್ನು ಕಣಿವೆಕೊಪ್ಪದಿಂದ ಎತ್ತಿ ಹೊಸನಗರದ ಆಸ್ಪತ್ರೆಯ ಉಗ್ರಾಣದಲ್ಲಿ ಮಾತ್ರೆ ಎಣಿಸಲು ಕೂರಿಸಿದರು. ಕೇಸು ಮುಗಿಯುವವರೆಗೆ ಸಿರಿಂಜು ಮುಟ್ಟುವಂತಿಲ್ಲ. ನಾಲ್ಕು ವರ್ಷ ಎಣಿಸಿದಳು. ಅವಳ ಜಾಗಕ್ಕೆ ಬಂದ ವಂದನಾ ಎಂಬ ಹುಡುಗಿ ಆಗಾಗ ಫೋನು ಮಾಡಿ ಅಳುತ್ತಿದ್ದಳು: ಕಣಿವೆಕೊಪ್ಪದಲ್ಲಿ ಕೆಲವರು ಮಕ್ಕಳಿಗೆ ಪೋಲಿಯೋ ಹನಿ ಸಹ ಬೇಡ ಎನ್ನುತ್ತಾರಂತೆ, ಸಿಸ್ಟರು ಒಬ್ಬಳ ಕೈ ತೆಗೆದಿಲ್ವಾ ಅಂತ ಕೇಳುತ್ತಾರಂತೆ. ವೇದಾವತಿ ಒಂದೇ ಒಂದು ಆಸೆ ಇಟ್ಟುಕೊಂಡಳು. ನಿವೃತ್ತಿಯೊಳಗೆ ಯಾರಾದರೂ ಒಬ್ಬ ನ್ಯಾಯಾಧೀಶರು, ಇವಳ ಕೈ ತಪ್ಪಿಲ್ಲ ಎಂದು ಒಂದು ಸಾಲು ಬರೆಯಬೇಕು. ಬಂದದ್ದು ಅದರ ತದ್ವಿರುದ್ಧದ ಸಾಲು, ಅದೂ ಅವಳೇ ಸಹಿ ಹಾಕಬೇಕಾದ್ದು.

ಮನೆಗೆ ಬಂದು ಗಂಡ ದುಗ್ಗಪ್ಪನ ಮುಂದೆ ಹಾಳೆ ಬಿಸಾಡಿದಳು. ದುಗ್ಗಪ್ಪ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಜೀವನದಲ್ಲಿ ಎಲ್ಲ ಜಗಳಕ್ಕೂ ಅವನದೊಂದೇ ಪರಿಹಾರ, ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುವುದು.

"ಹಾಕಿ ಬಿಸಾಕು ಮಾರಾಯ್ತಿ. ಕೋರ್ಟಿನ ಕಾಗದ ಯಾರು ಓದ್ತಾರೆ? ನೀ ನೌಕರಿ ಮಾಡಿದ್ದು ಹೊಟ್ಟೆಗಾ, ಹೆಸರಿಗಾ?"

"ಎರಡಕ್ಕೂ," ಅಂದಳು ವೇದಾವತಿ. "ಹೊಟ್ಟೆಗೆ ಅಂದಿದ್ರೆ ಮೂರನೇ ದಿನ ಯಾವಳು ಗುಡ್ಡ ಹತ್ತುತ್ತಿದ್ದಳು?"

ಶುಕ್ರವಾರದವರೆಗೆ ಅವಳ ತೀರ್ಮಾನ ಗಟ್ಟಿಯಿತ್ತು. ಪಿಂಚಣಿ ಹಾಳಾಗಿ ಹೋಗಲಿ, ಸಹಿ ಹಾಕುವುದಿಲ್ಲ. ಶುಕ್ರವಾರ ಮಧ್ಯಾಹ್ನ ಸರ್ಕಾರಿ ವಕೀಲರು ಫೋನು ಮಾಡಿದರು.

"ಮೇಡಂ, ಒಂದು ವಿಷಯ. ಮಂಗಳೂರು ಕಡೆ ಡಾಕ್ಟರು ಆ ಹುಡುಗಿ ಕೈ ಆಪರೇಷನ್ ಮಾಡಿದ್ರೆ ಮುಕ್ಕಾಲು ಸರಿಹೋಗ್ತದೆ ಅಂದಿದಾರಂತೆ. ಈ ದುಡ್ಡು ಬಂದ್ರೆ ಮಾಡಿಸ್ತಾರಂತೆ. ನೀವು ಅಡ್ಡ ನಿಂತ್ರೆ ಇನ್ನೆಂಟು ವರ್ಷ ಹಂಗೇ ಇರ್ತದೆ. ಆಮೇಲೆ ಮಾಡಿಸಿದ್ರೂ ಉಪಯೋಗ ಇಲ್ಲ."

ಸೆಟೆದ ಚರ್ಮಕ್ಕೆ ಕಾಲ ಕಳೆದಷ್ಟೂ ಕೇಡು ಎಂದು ಅವಳಿಗೆ ವಕೀಲರಿಗಿಂತ ಚೆನ್ನಾಗಿ ಗೊತ್ತು. ತನ್ನ ಹೆಸರು ಉಳಿಸಿಕೊಳ್ಳಲು ಇನ್ನೊಬ್ಬಳ ಕೈ ಬೇಕಾಯಿತೆ ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ ಹಾಗೆ ಬೈದುಕೊಳ್ಳುವಂತೆ ಮಾಡಿದವರನ್ನೆಲ್ಲ ಬೈದಳು.

ಶನಿವಾರ ಕೋರ್ಟಿನ ಅಂಗಳ ಸಂತೆಯಾಗಿತ್ತು. ಬೇಲಿ ತಕರಾರು, ಚೆಕ್ ಬೌನ್ಸು, ಜೀವನಾಂಶ, ಎಲ್ಲವೂ ಒಂದೇ ದಿನ ರಾಜಿಯಾಗಬೇಕು. ಒಳಗೆ ನ್ಯಾಯಾಧೀಶರು, ಪಕ್ಕದಲ್ಲಿ ಸಂಧಾನಕಾರರು. ಇವರ ಸರದಿ ಬಂದಾಗ ಹಿಂದಿನಿಂದ ಮುಂದಿನ ಕೇಸಿನವರು ಆಗಲೇ ಬೆನ್ನು ತಳ್ಳುತ್ತಿದ್ದರು. ಜ್ಯೋತಿಲಕ್ಷ್ಮಿ ಮಗುವೊಂದನ್ನು ಎಡಸೊಂಟದ ಮೇಲೆ ಕೂರಿಸಿಕೊಂಡು ನೆಲ ನೋಡುತ್ತಿದ್ದಳು. ಗಣೇಶ, ಗುತ್ಯಮ್ಮ, ಸೀತಾರಾಮಪ್ಪ ಸಾಲಾಗಿ ನಿಂತಿದ್ದರು.

"ಎರಡನೇ ಪ್ರತಿವಾದಿ, ನಿಮಗೆ ಒಪ್ಪಿಗೆಯೇನಮ್ಮ?" ಎಂದು ನ್ಯಾಯಾಧೀಶರು ಕೇಳಿದರು. ಒಳ್ಳೆಯ ದನಿಯಲ್ಲೇ ಕೇಳಿದರು.

"ಸ್ವಾಮಿ, ಆ ಗುತ್ಯಮ್ಮನಿಗೆ ಒಂದೇ ಒಂದು ಪ್ರಶ್ನೆ ಕೇಳ್ಬೇಕು."

"ಇಲ್ಲಿ ವಿಚಾರಣೆ ಇಲ್ಲಮ್ಮ. ರಾಜಿ ಮಾತ್ರ. ಪ್ರಶ್ನೆ ಕೇಳೋದಾದ್ರೆ ಕೇಸು ನಡೀಬೇಕಾಗ್ತದೆ. ನಡೆಸ್ತೀರಾ?"

ವೇದಾವತಿ ಜ್ಯೋತಿಲಕ್ಷ್ಮಿಯ ಬಲಗೈ ನೋಡಿದಳು. ಮಗು ಅದನ್ನು ಹಿಡಿದು ಮೇಲೆಳೆಯುತ್ತಿತ್ತು, ಅದು ಅರ್ಧಕ್ಕೆ ನಿಲ್ಲುತ್ತಿತ್ತು. "ಬೇಡ ಸ್ವಾಮಿ," ಎಂದು ಐದನೇ ಸಾಲಿನ ಕೆಳಗೆ ಸಹಿ ಹಾಕಿದಳು. ಎಲ್ಲ ಸೇರಿ ಏಳು ನಿಮಿಷ. ಸೀತಾರಾಮಪ್ಪ ಎಲ್ಲರಿಗೂ ಕೈ ಮುಗಿದ, ಅವಳಿಗೂ.

ಹೊರಗೆ ಬರುವಷ್ಟರಲ್ಲಿ ಗಣೇಶ ಫೋನಿನಲ್ಲಿದ್ದ. "ಹೌದು ಹೌದು, ಹೊಸ ಮಾಡೆಲ್ಲೇ. ಮುಂಗಡ ಈ ತಿಂಗಳೇ ಕೊಡ್ತೀನಿ, ಗಾಡಿ ಬೇರೆಯೋರಿಗೆ ಕೊಟ್ಟುಬಿಡ್ಬ್ಯಾಡಿ." ವೇದಾವತಿ ಅವನ ಎದುರಿಗೇ ಹೋಗಿ ನಿಂತು, ಆಪರೇಷನ್ ಯಾವಾಗ ಎಂದು ಕೇಳಿದಳು. "ಅದು ನೋಡುವಾ ಸಿಸ್ಟರ್, ಈಗ ಅಡ್ಜಸ್ಟ್ ಆಗಿದಾಳಲ್ಲ," ಎಂದು ಅವನು ಫೋನು ಇನ್ನೊಂದು ಕಿವಿಗೆ ಬದಲಾಯಿಸಿದ. ಹೆಂಡತಿಯ ಕೈ ತೋರಿಸಿ ತನ್ನಿಂದ ಸಹಿ ಹಾಕಿಸಿದರು, ಈಗ ಇವನು ಆ ಕೈಯ ಮೇಲೆ ಚಕ್ರ ಓಡಿಸಲು ಹೊರಟಿದ್ದಾನೆ. ಥೂ, ಇವರ ಜನ್ಮಕ್ಕಿಷ್ಟು!

ಬಸ್‌ಸ್ಟ್ಯಾಂಡಿನ ಕಡೆ ಹೊರಟವಳ ಹಿಂದೆ ಗುತ್ಯಮ್ಮ ಏದುಸಿರು ಬಿಡುತ್ತ ಬಂದಳು. ಹಿಂದೆ ಮಗುವಿನ ಜೊತೆ ಸೊಸೆ.

"ಸಿಸ್ಟ್ರೇ, ನಿಲ್ಲಿ ಮಾರಾಯ್ತಿ. ಬೇಜಾರು ಮಾಡ್ಕಬ್ಯಾಡಿ. ದುಡ್ಡು ಸರ್ಕಾರದ್ದು, ನಿಮ್ದೆಂತ ಹೋತು?"

ವೇದಾವತಿ ನಿಂತಳು.

"ಹಂಗಲ್ಲ, ಒಂದು ಕೆಲಸ ಆಗ್ಬೇಕಿತ್ತು. ಈ ಕೂಸಿಗೆ ಸೂಜಿ ಹಾಕ್ಸಿಲ್ಲ. ನೀವೇ ಹಾಕಿಕೊಡ್ಬೇಕು. ಆ ಹೊಸ ಹುಡುಗಿ ಹತ್ರ ನಂಗೆ ಧೈರ್ಯ ಇಲ್ಲ. ನಿಮ್ಮ ಕೈಗುಣ ಯಾರಿಗೂ ಬರಲ್ಲ."

"ಹಾಕ್ಸಿಲ್ಲ ಅಂದ್ರೆ? ಯಾವ್ದು ಹಾಕ್ಸಿಲ್ಲ?"

"ತೀರ್ಥಳ್ಳಿ ಆಸ್ಪತ್ರೇಲಿ ಹುಟ್ಟಿದ ದಿನ ಹಾಕಿದ್ದಷ್ಟೆ. ಆಮ್ಯಾಲೆ ಯಾವ್ದೂ ಇಲ್ಲ. ಇಲ್ಲಿ ಕೇಳಿದ್ರೆ ತೌರಲ್ಲಿ ಹಾಕ್ಸಿದೀವಿ ಅಂತಿದ್ವಿ, ಅಲ್ಲಿ ಕೇಳಿದ್ರೆ ಇಲ್ಲಿ ಅಂತ. ವಕೀಲ್ರು ಹೇಳಿದ್ರು, ಕೇಸು ಮುಗಿಯೋ ತನಕ ಬ್ಯಾಡ, ಕೂಸಿಗೆ ಹಾಕ್ಸಿದ್ರೆ ನಿಮಗೆ ಸೂಜಿ ಮೇಲೆ ನಂಬಿಕೆ ಅದೆ ಅಂತ ಆಗ್ತದೆ, ಕೇಸು ಬಿದ್ದುಹೋಗ್ತದೆ ಅಂತ."

ಮಗುವಿಗೆ ಒಂದು ವರ್ಷ ನಾಲ್ಕು ತಿಂಗಳು. ಅಷ್ಟೂ ಕಾಲ ಅದನ್ನು ಕೇಸಿನ ಜೊತೆ ಪಣಕ್ಕಿಟ್ಟಿದ್ದರು. ದಡಾರ, ಗಂಟಲಮಾರಿ, ನಾಯಿಕೆಮ್ಮು, ಯಾವುದು ಬಂದಿದ್ದರೂ ಸೂಜಿಯ ಹೆದರಿಕೆಯಿಂದ ಹೀಗಾಯಿತೆಂದು ಇವರ ಕೇಸಿಗೆ ಇನ್ನೂ ಬಲವೇ ಬರುತ್ತಿತ್ತು. ನಂಬಿಕೆಯಿಲ್ಲದೆ ಬಿಟ್ಟಿದ್ದರೆ ಅದು ಅಜ್ಞಾನ, ತಿಳಿಹೇಳಬಹುದಿತ್ತು. ಇವರು ನಂಬಿಕೆ ಇಟ್ಟುಕೊಂಡೇ ಬಿಟ್ಟಿದ್ದರು.

"ಗುತ್ಯಮ್ಮ, ನನ್ನ ಕೈ ತಪ್ಪುತ್ತೆ ಅಂತ ನಾನೇ ಈಗ ಒಳಗೆ ಬರ್ಕೊಟ್ಟು ಬಂದೆ. ನೀವು ಪಕ್ಕದಲ್ಲೇ ನಿಂತಿದ್ರಿ."

"ಅಯ್ಯ, ಅದು ಕೋರ್ಟಿನ ಮಾತಲ್ದಾ!" ಗುತ್ಯಮ್ಮ ನಿಜವಾಗಿಯೂ ಅಚ್ಚರಿಪಟ್ಟಳು. "ಅದನ್ನ ಯಾರು ನಂಬ್ತಾರೆ?"

ಸೊಸೆ ಆಗ ಮೊದಲ ಸಲ ತಲೆ ಎತ್ತಿದಳು. "ಅವತ್ತು ಹಚ್ಚಬ್ಯಾಡಿ ಅಂದಿದ್ದೆ ಸಿಸ್ಟರ್," ಅಂದಳು, ಅತ್ತೆಯ ಎದುರಿಗೇ.

"ಇದನ್ನ ಕಾಲು ಗಂಟೆ ಮುಂಚೆ, ಆ ಬಾಗಿಲ ಒಳಗೆ ಹೇಳ್ಬೇಕಿತ್ತು," ಎಂದಳು ವೇದಾವತಿ. ಹುಡುಗಿಯ ಕಣ್ಣು ತುಂಬಿತು. ಅದನ್ನು ಕಂಡು ವೇದಾವತಿಗೆ ಕನಿಕರ ಹುಟ್ಟಲಿಲ್ಲ. ಆ ಮೂವತ್ತಮೂರು ವರ್ಷದಲ್ಲಿ ಮೊದಲ ಸಲ, ಯಾರದೋ ಅಳುವನ್ನು ನೋಡಿ ಮುಖ ತಿರುಗಿಸಿಕೊಂಡಳು. ಇನ್ನು ಈ ಜನರ ಹೊಸಿಲು ತುಳಿಯುವುದಿಲ್ಲ, ಇವರ ನೀರು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನಾಲ್ಕು ಹೆಜ್ಜೆ ನಡೆದೂಬಿಟ್ಟಳು.

ನಡೆದವಳು ತಿರುಗಿ ಬಂದಳು. ಕೂಸಿನ ಲಸಿಕೆ ಕಾರ್ಡ್ ಕೊಡು ಎಂದು ಕೈ ಚಾಚಿದಳು. ಹುಟ್ಟಿದ ದಿನದ ಒಂದು ಸಾಲು ಬಿಟ್ಟರೆ ಕಾರ್ಡು ಪೂರಾ ಖಾಲಿ. ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಯಾವುದರ ಜೊತೆ ಕೊಡಬಹುದು ಎಂದು ಅವಳ ತಲೆ ತಾನಾಗಿಯೇ ಲೆಕ್ಕ ಹಾಕತೊಡಗಿತು. ಹಾಗೆ ಹಾಕುವುದನ್ನು ನಿಲ್ಲಿಸಲಾಗದ್ದಕ್ಕೆ ಅವಳಿಗೆ ತನ್ನ ಮೇಲೂ ರೇಜಿಗೆಯಾಯಿತು.

"ಗುರುವಾರ ಇಪ್ಪತ್ತೆರಡನೇ ತಾರೀಕು. ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ ಆಸ್ಪತ್ರೆಗೆ ಬನ್ನಿ. ನಾನು ಚುಚ್ಚಲ್ಲ, ಬೇರೆಯೋರು ಚುಚ್ಚುತಾರೆ."

"ನೀವು ಜೊತೆಗಿರ್ತೀರಲ್ಲ?" ಎಂದಳು ಗುತ್ಯಮ್ಮ.

ಅವಳ ಆ ನಂಬಿಕೆಯ ಮುಖಕ್ಕೆ ಉಗಿಯಬೇಕೆನಿಸಿತು ವೇದಾವತಿಗೆ. ಉಗಿಯಲಿಲ್ಲ. ಈ ಜನ ಮರೆತುಬಿಡುತ್ತಾರೆಂದು ತಾರೀಕನ್ನು ಇನ್ನೊಂದು ಸಲ ಹೇಳಿ, ಬಸ್ಸಿಗೆ ಹೋದಳು.